ಅರಬ್ಬಿ ಅಕ್ಷರಗಳಿಗೆ ಸ್ವರ ತೊಡಿಸಿದ ಬಸ್ರಾದ ಬಡ ಪಂಡಿತ

ಕನ್ನಡ ಶಾಲೆಯ ಮಗುವಿಗೆ ಕಾಗುಣಿತ ಕೈವಶವಾಯಿತೆಂದರೆ ಓದು ಬಂದಂತೆಯೇ. ತಲಕಟ್ಟಿದ್ದರೆ ಕ, ಗುಡಿಸಿದ್ದರೆ ಕಿ, ಕೊಂಬಿದ್ದರೆ ಕು. ಅರ್ಥ ತಿಳಿಯದ ಪದವನ್ನೂ ಅದು ತಪ್ಪಿಲ್ಲದೆ ಉಚ್ಚರಿಸಬಲ್ಲದು. ಅರಬ್ಬಿ ಲಿಪಿಯ ಸಂಗತಿ ಹೀಗಲ್ಲ. ಅಲ್ಲಿ ಸಾಲಿನ ಮೇಲೆ ಬರೆಯುವುದು ವ್ಯಂಜನಗಳನ್ನು ಮತ್ತು ದೀರ್ಘ ಸ್ವರಗಳನ್ನು ಮಾತ್ರ. ಹ್ರಸ್ವ ಸ್ವರಗಳನ್ನು ಓದುಗನೇ ತುಂಬಿಕೊಳ್ಳಬೇಕು. ಕ್, ತ್, ಬ್ ಎಂಬ ಮೂರು ಅಕ್ಷರಗಳು ಸಾಲಾಗಿ ಬಂದಾಗ ಅದನ್ನು ಕತಬ ಎಂದು ಓದಿದರೆ ಅವನು ಬರೆದನು ಎಂಬ ಅರ್ಥ. ಕುತಿಬ ಎಂದರೆ ಬರೆಯಲ್ಪಟ್ಟಿತು. ಕುತುಬ್ ಎಂದರೆ ಪುಸ್ತಕಗಳು. ಯಾವುದು ಸರಿ ಎಂಬುದು ಅರಬ್ಬಿಯನ್ನೇ ಉಸಿರಾಡಿ ಬೆಳೆದವನಿಗೆ ಸಂದರ್ಭದಿಂದ ಹೊಳೆಯುತ್ತದೆ. ಹೊರಗಿನಿಂದ ಬಂದು ಕಲಿಯುವವನ ಗತಿಯೇನು?

ಈ ಪ್ರಶ್ನೆಗೆ ಇಂದಿಗೂ ಚಲಾವಣೆಯಲ್ಲಿರುವ ಉತ್ತರವನ್ನು ಕೊಟ್ಟವರು ಎಂಟನೆಯ ಶತಮಾನದ ವಿದ್ವಾಂಸ ಅಲ್-ಖಲೀಲ್ ಇಬ್ನ್ ಅಹ್ಮದ್ ಅಲ್-ಫರಾಹೀದಿ. ಅರಬ್ಬಿಯ ಮೊದಲ ನಿಘಂಟಿನ ಯೋಜನೆ ಅವರದು. ಅರಬ್ಬಿ ಛಂದಸ್ಸಿನ ಶಾಸ್ತ್ರವೂ ಅವರದೇ. ಆದರೆ ಅವರ ಹೆಸರನ್ನೇ ಕೇಳಿರದ ಕೋಟ್ಯಂತರ ಮಕ್ಕಳ ನಾಲಗೆಯನ್ನು ಪ್ರತಿದಿನ ತಿದ್ದುತ್ತಿರುವುದು ಅಕ್ಷರದ ಮೇಲೆ ಕೆಳಗೆ ಅವರು ಇಟ್ಟ ಪುಟ್ಟ ಗುರುತುಗಳು.

ಬಸ್ರಾದ ಬೀದಿಗಳಲ್ಲಿ

ಖಲೀಲರು ಹುಟ್ಟಿದ್ದು ಕ್ರಿ.ಶ. 718ರ ಸುಮಾರಿಗೆ, ಅಂದರೆ ಹಿಜರಿ ಶಕೆಯ ನೂರನೆಯ ವರ್ಷದಲ್ಲಿ. ಅವರ ಮನೆತನ ಒಮಾನ್ ಮೂಲದ ಅಜ್ದ್ ಬುಡಕಟ್ಟಿನ ಫರಾಹೀದ್ ಶಾಖೆಗೆ ಸೇರಿದ್ದು. ಪ್ರವಾದಿ ಮುಹಮ್ಮದರ ನಂತರ ಅಹ್ಮದ್ ಎಂಬ ಹೆಸರು ಹೊತ್ತ ಮೊದಲಿಗರು ಅವರ ತಂದೆಯೇ ಎಂದು ಹಳೆಯ ಚರಿತ್ರಕಾರರು ಹೇಳುತ್ತಾರೆ. ಬೆಳೆದದ್ದು, ಕಲಿತದ್ದು, ಕಲಿಸಿದ್ದು, ಕೊನೆಗೆ ಮಣ್ಣಾದದ್ದು ಇಂದಿನ ಇರಾಕಿನ ದಕ್ಷಿಣ ತುದಿಯಲ್ಲಿರುವ ಬಸ್ರಾದಲ್ಲಿ.

ಬಸ್ರಾ ಆಗಿನ್ನೂ ಹೊಸ ಊರು. ಖಲೀಫ ಉಮರರ ಕಾಲದಲ್ಲಿ, 638ರ ಸುಮಾರಿಗೆ, ಸೈನ್ಯದ ಬಿಡಾರವಾಗಿ ಹುಟ್ಟಿಕೊಂಡ ಜಾಗವದು. ಒಂದು ಶತಮಾನ ಕಳೆಯುವಷ್ಟರಲ್ಲಿ ಬಂದರು, ಸಂತೆ, ಮಸೀದಿ, ವಾದ ವಿವಾದಗಳೆಲ್ಲ ಸೇರಿ ಅದು ಜಗತ್ತಿನ ದೊಡ್ಡ ನಗರಗಳ ಸಾಲಿಗೆ ಬಂದಿತ್ತು. ಊರ ಹೊರಗಿನ ಮಿರ್ಬದ್ ಎಂಬ ಸಂತೆಯಲ್ಲಿ ಒಂಟೆಗಳ ವ್ಯಾಪಾರದ ಜೊತೆಗೆ ಕವಿಗಳ ಸ್ಪರ್ಧೆಯೂ ನಡೆಯುತ್ತಿತ್ತು. ಮರಳುಗಾಡಿನಿಂದ ಬಂದ ಅಲೆಮಾರಿಗಳ ಬಾಯಿಂದ ಅಚ್ಚ ಅರಬ್ಬಿಯನ್ನು ಕೇಳಲು ಪಂಡಿತರು ಅಲ್ಲಿ ಕಾದು ಕೂರುತ್ತಿದ್ದರು. ಅದೇ ಊರಿನ ಓಣಿಗಳಲ್ಲಿ ಪಾರಸಿಗಳು, ಅರಾಮಿಕ್ ಮಾತನಾಡುವ ಸ್ಥಳೀಯರು, ಕಡಲಾಚೆಯಿಂದ ಬಂದವರು ನೆಲೆಸಿದ್ದರು. ಅವರಲ್ಲಿ ಅನೇಕರು ಇಸ್ಲಾಂ ಸ್ವೀಕರಿಸಿದ್ದರು, ಕುರ್‌ಆನ್ ಓದಬೇಕಾಗಿತ್ತು. ಅವರ ನಾಲಗೆಗೆ ಅರಬ್ಬಿ ತಾಯ್ನುಡಿಯಲ್ಲ. ಅರಬರ ಮಕ್ಕಳೇ ಪೇಟೆಯ ಬೆರಕೆ ಮಾತಿನಲ್ಲಿ ಪದಾಂತ್ಯದ ಸ್ವರಗಳನ್ನು ಎಡವುತ್ತಿದ್ದರು.

ಎಡವಿದರೆ ಆಗುವ ಅನಾಹುತ ಸಣ್ಣದಲ್ಲ. ಕುರ್‌ಆನಿನ ಒಂಬತ್ತನೆಯ ಅಧ್ಯಾಯದ ಮೂರನೆಯ ವಾಕ್ಯದ ಕಥೆಯನ್ನು ಅರಬ್ಬಿ ವ್ಯಾಕರಣದ ಇತಿಹಾಸ ಬರೆದವರೆಲ್ಲ ಹೇಳುತ್ತಾರೆ. ಬಹುದೇವಾರಾಧಕರೊಂದಿಗೆ ದೇವರಿಗೂ ಆತನ ದೂತರಿಗೂ ಇನ್ನು ಸಂಬಂಧವಿಲ್ಲ ಎಂಬುದು ಅಲ್ಲಿನ ಆಶಯ. ದೂತ ಎಂಬ ಪದದ ಕೊನೆಯ ಉಕಾರವನ್ನು ಇಕಾರವಾಗಿ ಓದಿಬಿಟ್ಟರೆ, ದೇವರಿಗೆ ಬಹುದೇವಾರಾಧಕರೊಂದಿಗೂ ಸಂಬಂಧವಿಲ್ಲ, ತನ್ನ ದೂತರೊಂದಿಗೂ ಸಂಬಂಧವಿಲ್ಲ ಎಂಬ ಘೋರ ಅರ್ಥ ಬರುತ್ತದೆ. ಬರಹದಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ. ಬದಲಾಗುವುದು ತುಟಿಯ ಆಕಾರ ಮಾತ್ರ.

ಇಂಥ ಓದೊಂದು ಕಿವಿಗೆ ಬಿದ್ದ ಮೇಲೆಯೇ ಬಸ್ರಾದ ಅಬುಲ್ ಅಸ್ವದ್ ಅದ್-ದುಅಲಿ ಎಂಬ ಹಿರಿಯರು ಕುರ್‌ಆನ್ ಪ್ರತಿಗೆ ಸ್ವರದ ಗುರುತು ಹಾಕಲು ಒಪ್ಪಿದರಂತೆ. ಅವರು 688ರ ಸುಮಾರಿಗೆ ತೀರಿಕೊಂಡರು. ಖಲೀಲರು ಹುಟ್ಟುವುದಕ್ಕೆ ಮೂವತ್ತು ವರ್ಷ ಮೊದಲು. ಅವರು ಅನುಸರಿಸಿದ ವಿಧಾನ ಸೊಗಸಾಗಿದೆ. ಲಿಪಿಕಾರನನ್ನು ಎದುರು ಕೂರಿಸಿಕೊಂಡು ತಾವು ನಿಧಾನವಾಗಿ ಓದುವುದು. ಆತ ಓದುವವರ ಬಾಯನ್ನೇ ನೋಡುತ್ತಿರುವುದು. ಬಾಯಿ ತೆರೆದರೆ ಅಕ್ಷರದ ಮೇಲೊಂದು ಚುಕ್ಕೆ, ತುಟಿ ಕೂಡಿದರೆ ಅಕ್ಷರದ ಮುಂದೊಂದು ಚುಕ್ಕೆ, ಕೆಳಕ್ಕೆ ಮುರಿದರೆ ಅಡಿಯಲ್ಲೊಂದು ಚುಕ್ಕೆ. ಅಕ್ಷರದ ಮಸಿ ಕಪ್ಪು, ಚುಕ್ಕೆಯ ಬಣ್ಣ ಬೇರೆ, ಬಹುಮಟ್ಟಿಗೆ ಕೆಂಪು. ಅಕಾರಕ್ಕೆ ಫತ್‌ಹ, ಉಕಾರಕ್ಕೆ ದಮ್ಮ, ಇಕಾರಕ್ಕೆ ಕಸ್ರ ಎಂಬ ಅರಬ್ಬಿ ಹೆಸರುಗಳಿವೆಯಲ್ಲ, ಅವುಗಳ ಅರ್ಥ ಕ್ರಮವಾಗಿ ತೆರೆಯುವುದು, ಕೂಡಿಸುವುದು, ಮುರಿಯುವುದು. ಅಕ್ಷರಮಾಲೆಯ ಹೆಸರುಗಳೇ ಬಾಯಿಯ ಚಲನೆಯ ವರ್ಣನೆ.

ತೊಡಕು ಆಮೇಲೆ ಬಂತು. ಅರಬ್ಬಿಯಲ್ಲಿ ಬ, ತ, ಥ, ನ, ಯ ಅಕ್ಷರಗಳು ಪದದ ನಡುವೆ ಒಂದೇ ರೂಪದಲ್ಲಿ ಕಾಣುತ್ತವೆ. ಹಜ್ಜಾಜ್ ಇರಾಕಿನ ಅಧಿಕಾರಿಯಾಗಿದ್ದ ಕಾಲದಲ್ಲಿ, ಅಂದರೆ 694ರಿಂದ 714ರ ನಡುವೆ, ಇವನ್ನು ಬೇರ್ಪಡಿಸಲು ವ್ಯಂಜನಗಳಿಗೂ ಚುಕ್ಕೆ ಇಡುವ ಪದ್ಧತಿ ನೆಲೆಗೊಂಡಿತು. ಪರಂಪರೆ ಇದರ ಹಿರಿಮೆಯನ್ನು ನಸ್ರ್ ಇಬ್ನ್ ಆಸಿಮ್ ಮತ್ತು ಯಹ್ಯಾ ಇಬ್ನ್ ಯಅಮರ್ ಎಂಬ ಇಬ್ಬರಿಗೆ ಹಂಚುತ್ತದೆ. ಈಗ ಒಂದೇ ಪದದ ಮೇಲೆ ಎರಡು ಬಗೆಯ ಚುಕ್ಕೆಗಳು. ಕಪ್ಪು ಚುಕ್ಕೆ ಅಕ್ಷರ ಯಾವುದೆಂದು ಹೇಳಬೇಕು, ಕೆಂಪು ಚುಕ್ಕೆ ಸ್ವರ ಯಾವುದೆಂದು ಹೇಳಬೇಕು. ಬರೆಯುವವನಿಗೆ ಎರಡು ದೌತಿ, ಎರಡು ಲೇಖನಿ. ಕೆಂಪು ಮಸಿ ಮಾಸಿದರೆ, ಅವಸರದಲ್ಲಿ ಒಂದೇ ಮಸಿಯಲ್ಲಿ ನಕಲು ಮಾಡಿದರೆ ಓದುಗ ಮತ್ತೆ ಕತ್ತಲೆಯಲ್ಲಿ.

ಚುಕ್ಕೆ ಹೋಗಿ ಗುರುತು ಬಂತು

ಖಲೀಲರ ಗುರುಗಳು ಬಸ್ರಾದ ಇಬ್ಬರು ಘನ ವಿದ್ವಾಂಸರು: ಈಸಾ ಇಬ್ನ್ ಉಮರ್ ಮತ್ತು ಅಬೂ ಅಮ್ರ್ ಇಬ್ನುಲ್ ಅಲಾ. ಗುರುಗಳ ಪಾಠವಲ್ಲದೆ ಹಿಜಾಜ್, ನಜ್ದ್, ತಿಹಾಮಗಳ ಮರಳುಗಾಡಿನ ಜನರ ನಡುವೆ ತಿರುಗಾಡಿ ಅವರು ಭಾಷೆಯನ್ನು ಕಿವಿಯಿಂದ ಕಲಿತರು. ಬೇರೆಯವರು ಅಪರೂಪದ ಪದಗಳ ಪಟ್ಟಿ ಹೊತ್ತು ಮರಳುತ್ತಿದ್ದ ಆ ಮರಳುಗಾಡಿನಿಂದ ಖಲೀಲರು ತಂದದ್ದು ಧ್ವನಿಯ ಲೆಕ್ಕವನ್ನು.

ಅಬುಲ್ ಅಸ್ವದರ ಚುಕ್ಕೆಗೆ ತನ್ನದೇ ಆದ ರೂಪವಿರಲಿಲ್ಲ. ಇಟ್ಟ ಸ್ಥಾನದಿಂದಷ್ಟೇ ಅದಕ್ಕೆ ಅರ್ಥ. ಖಲೀಲರು ಚುಕ್ಕೆಯ ಬದಲು ಅಕ್ಷರವನ್ನೇ ಕಿರಿದು ಮಾಡಿ ಗುರುತಾಗಿಸಿದರು. ಅಕಾರಕ್ಕೆ ಅಕ್ಷರದ ಮೇಲೆ ಓರೆಯಾಗಿ ಮಲಗಿಸಿದ ಪುಟ್ಟ ಅಲಿಫ್. ಉಕಾರಕ್ಕೆ ಮೇಲೆ ಪುಟ್ಟ ವಾವ್. ಇಕಾರಕ್ಕೆ ಅಡಿಯಲ್ಲಿ ಪುಟ್ಟ ಯಾ. ಅದು ಸವೆದು ಸವೆದು ಈಗ ಬರಿಯ ಗೀಟಾಗಿ ಉಳಿದಿದೆ. ಒತ್ತಕ್ಷರದಂತೆ ಇಮ್ಮಡಿಯಾಗುವ ವ್ಯಂಜನಕ್ಕೆ ಶೀನ್ ಅಕ್ಷರದ ಹಲ್ಲಿನಂಥ ತಲೆ. ಬಿಗಿ ಎಂಬರ್ಥದ ಪದದ ಮೊದಲಕ್ಷರವದು. ಗಂಟಲ ಬುಡದಲ್ಲಿ ಉಸಿರು ಕಡಿಯುವ ಹಮ್ಜಕ್ಕೆ ಐನ್ ಅಕ್ಷರದ ತಲೆ. ಎರಡು ಬಣ್ಣದ ಗೊಡವೆ ತಪ್ಪಿತು. ಒಂದೇ ಲೇಖನಿ, ಒಂದೇ ಮಸಿ ಸಾಕಾಯಿತು.

ಇಲ್ಲಿನ ಜಾಣ್ಮೆಯನ್ನು ಕನ್ನಡದ ಓದುಗರು ಬೇಗ ಗುರುತಿಸಬಲ್ಲರು. ಅಲಿಫ್, ವಾವ್, ಯಾ ಇವು ಅರಬ್ಬಿಯಲ್ಲಿ ಆ, ಊ, ಈ ಎಂಬ ದೀರ್ಘಗಳನ್ನು ತೋರುವ ಅಕ್ಷರಗಳು. ದೀರ್ಘವನ್ನು ದೊಡ್ಡದಾಗಿ ಸಾಲಿನಲ್ಲಿ ಬರೆಯುವುದಾದರೆ ಹ್ರಸ್ವವನ್ನು ಅದೇ ಅಕ್ಷರದ ಮರಿಯಾಗಿ ಮೇಲೆ ಕೆಳಗೆ ಬರೆಯೋಣ ಎಂಬುದು ತರ್ಕ. ಹ್ರಸ್ವ ದೀರ್ಘಗಳು ಬೇರೆ ಬೇರೆ ಧ್ವನಿಗಳಲ್ಲ, ಒಂದೇ ಧ್ವನಿಯ ಎರಡು ಅಳತೆಗಳು ಎಂಬ ತಿಳಿವು ಆ ಗುರುತಿನಲ್ಲೇ ಅಡಗಿದೆ.

ಆದರೂ ಕುರ್‌ಆನಿನ ಲಿಪಿಕಾರರು ಇದನ್ನು ತಕ್ಷಣ ಒಪ್ಪಲಿಲ್ಲ. ಹಿರಿಯರು ಇಟ್ಟ ಕೆಂಪು ಚುಕ್ಕೆಯನ್ನು ಬಿಡುವುದು ಅವರಿಗೆ ಅಪಚಾರವಾಗಿ ಕಂಡಿತು. ಖಲೀಲರ ಗುರುತುಗಳು ಮೊದಲು ಸಲ್ಲುತ್ತಿದ್ದುದು ಕಾವ್ಯ ಮತ್ತು ವ್ಯಾಕರಣದ ಹೊತ್ತಗೆಗಳಲ್ಲಿ. ಆಂದಲೂಸಿಯಾದ ಹೆಸರಾಂತ ಪಾಠಪಂಡಿತ ಅದ್-ದಾನಿ, 1053ರಲ್ಲಿ ನಿಧನರಾದವರು, ಇವು ಕಾವ್ಯದ ಗುರುತುಗಳು, ಧರ್ಮಗ್ರಂಥಕ್ಕೆ ಚುಕ್ಕೆಯೇ ಸರಿ ಎಂಬ ಪಕ್ಷದವರು. ಅಷ್ಟರಲ್ಲಾಗಲೇ ಪೂರ್ವದಲ್ಲಿ ಗಾಳಿ ಬದಲಾಗಿತ್ತು. ಬಾಗ್ದಾದಿನ ಲಿಪಿಕಾರ ಇಬ್ನುಲ್ ಬವ್ವಾಬ್ 1000-01ರಲ್ಲಿ ಬರೆದು ಮುಗಿಸಿದ ಕುರ್‌ಆನ್ ಪ್ರತಿ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಅದರಲ್ಲಿರುವುದು ಖಲೀಲರ ಪದ್ಧತಿಯ ಗುರುತುಗಳು. ಜನರ ಕಣ್ಣಿಗೆ ಒಗ್ಗಲು ಇನ್ನೂರು ವರ್ಷಕ್ಕೂ ಮಿಕ್ಕ ಕಾಲ ಬೇಕಾಯಿತು.

ಕಲಬುರಗಿ, ಬೀದರ್, ವಿಜಯಪುರದ ಕಡೆ ಉರ್ದು ಮನೆಮಾತಿನ ಮಕ್ಕಳು ಕಾಯಿದಾ ಎಂಬ ಬಾಲಪಾಠ ಹಿಡಿದು ಅಲಿಫ್ ಜಬರ್ ಅ, ಅಲಿಫ್ ಜೇರ್ ಇ, ಅಲಿಫ್ ಪೇಶ್ ಉ ಎಂದು ರಾಗವಾಗಿ ಹೇಳುವುದನ್ನು ಕೇಳಿದವರುಂಟು. ಜಬರ್, ಜೇರ್, ಪೇಶ್ ಪಾರಸಿಯಿಂದ ಬಂದ ಪದಗಳು. ಅರ್ಥ ಮೇಲೆ, ಕೆಳಗೆ, ಮುಂದೆ. ಉಕಾರದ ಗುರುತು ಈಗ ಅಕ್ಷರದ ಮುಂದಿಲ್ಲ, ಮೇಲಿದೆ. ಮುಂದೆ ಇದ್ದದ್ದು ಅಬುಲ್ ಅಸ್ವದರ ಚುಕ್ಕೆ. ಆಕಾರ ಖಲೀಲರದು, ಹೆಸರು ಅವರಿಗೂ ಹಿಂದಿನ ಚುಕ್ಕೆಯದು; ಎರಡನ್ನೂ ಆ ಮಕ್ಕಳು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾರೆ.

ಅಕ್ಷರದ ರುಚಿ ನೋಡುವುದು

ಸ್ವರದ ಗುರುತು ಸಿಕ್ಕಿದರೆ ಅರ್ಧ ದಾರಿ ಕ್ರಮಿಸಿದಂತೆ. ಉಳಿದರ್ಧ ವ್ಯಂಜನದ್ದು. ಅರಬ್ಬಿಯಲ್ಲಿ ಕಾಫ್ ಎಂಬುದು ನಮ್ಮ ಕಕಾರ. ಕಾಫ್‌ಗಿಂತ ಹಿಂದೆ, ಕಿರುನಾಲಗೆಯ ಬಳಿ ಹುಟ್ಟುವ ಖಾಫ್ ಬೇರೆ. ಹಿಂದಿನದನ್ನು ಸರಿಯಾಗಿ ಹೊರಡಿಸಿದರೆ ಕಲ್ಬ್ ಎಂದರೆ ಹೃದಯ. ಮುಂದಕ್ಕೆ ಜಾರಿದರೆ ನಾಯಿ. ಹ ಎರಡು ಬಗೆ, ಸ ಎರಡು ಬಗೆ, ತ ಎರಡು ಬಗೆ. ಇವನ್ನು ಯಾವ ಗುರುತೂ ಕಲಿಸಲಾರದು. ಬಾಯಿಯೊಳಗೆ ಎಲ್ಲಿ ಹುಟ್ಟುತ್ತದೆ ಎಂಬುದನ್ನೇ ತೋರಿಸಬೇಕು.

ಖಲೀಲರು ಕಂಡುಕೊಂಡ ಉಪಾಯ ಸರಳ. ಅಕ್ಷರದ ಹಿಂದೆ ಒಂದು ಅಕಾರವನ್ನಿಟ್ಟು ಅಕ್ಷರವನ್ನು ಸ್ವರವಿಲ್ಲದೆ ನಿಲ್ಲಿಸುವುದು: ಅಬ್, ಅತ್, ಅಹ್. ನಾವು ಕ, ಖ, ಗ ಎಂದು ಸ್ವರವನ್ನು ಕೊನೆಗೆ ಸೇರಿಸಿ ಹೇಳುವುದರಿಂದ ವ್ಯಂಜನ ಸ್ವರದೊಳಗೆ ಕರಗುತ್ತದೆ. ಸ್ವರ ಮೊದಲೇ ಮುಗಿದುಹೋದರೆ ಕೊನೆಯಲ್ಲಿ ಅಕ್ಷರ ಒಂಟಿಯಾಗಿ ನಿಲ್ಲುತ್ತದೆ. ನಾಲಗೆ ಎಲ್ಲಿ ತಡೆಯಿತು, ಗಂಟಲು ಎಲ್ಲಿ ಬಿಗಿಯಿತು ಎಂಬುದು ಹೇಳುವವನಿಗೇ ಗೊತ್ತಾಗುತ್ತದೆ. ಅವರ ಶಿಷ್ಯರು ಇದನ್ನು ಅಕ್ಷರದ ರುಚಿ ನೋಡುವುದು ಎಂದೇ ಕರೆದರು. ಕುರ್‌ಆನ್ ಪಠನ ಕಲಿಸುವ ಉಸ್ತಾದರು ಈಗಲೂ ಅಕ್ಷರದ ಹುಟ್ಟುಸ್ಥಾನ ತೋರಿಸಲು ಇದೇ ಕ್ರಮ ಹಿಡಿಯುತ್ತಾರೆ.

ಹೀಗೆ ಒಂದೊಂದನ್ನೇ ರುಚಿ ನೋಡಿ ಖಲೀಲರು ಅಕ್ಷರಮಾಲೆಯನ್ನೇ ಮರುಜೋಡಿಸಿದರು. ಗಂಟಲಿನ ಆಳದಿಂದ ಹೊರಟು ಕಿರುನಾಲಗೆ, ಅಂಗುಳ, ನಾಲಗೆಯ ತುದಿ, ವಸಡುಗಳನ್ನು ದಾಟಿ ತುಟಿಗೆ ಬಂದು ಮುಟ್ಟುವ ಕ್ರಮವದು. ಕೊನೆಯಲ್ಲಿ ಯಾವುದೇ ನೆಲೆಯಿಲ್ಲದೆ ಗಾಳಿಯಲ್ಲಿ ತೇಲುವ ವಾವ್, ಅಲಿಫ್, ಯಾ ಮತ್ತು ಹಮ್ಜ. ಹಮ್ಜ ಅತ್ಯಂತ ಆಳದ್ದಾದರೂ ಅದಕ್ಕೆ ಸ್ಥಿರತೆಯಿಲ್ಲ, ಪದದೊಳಗೆ ಕರಗಿಯೂ ಹೋಗುತ್ತದೆ. ಹಕಾರ ಬರಿ ಉಸಿರು. ಆದ್ದರಿಂದ ಗಟ್ಟಿಯಾಗಿ ನಿಲ್ಲುವ ಐನ್ ಮೊದಲ ಸ್ಥಾನ ಪಡೆಯಿತು. ಅವರು ಯೋಜಿಸಿದ ನಿಘಂಟಿನ ಹೆಸರೂ ಅದರಿಂದಲೇ ಬಂತು: ಕಿತಾಬುಲ್ ಐನ್.

ಕಂಠ್ಯದಿಂದ ತಾಲವ್ಯ, ದಂತ್ಯಗಳ ಮೂಲಕ ಓಷ್ಠ್ಯಕ್ಕೆ ಬರುವ ವರ್ಗೀಯ ವ್ಯಂಜನಗಳ ಸಾಲು ಬಾಲ್ಯದಿಂದಲೇ ಬಾಯಿಪಾಠವಾಗಿರುವ ನಮಗೆ ಇದು ಚಿರಪರಿಚಿತ ದಾರಿ. ಬಸ್ರಾ ಬಂದರಿಗೆ ಭಾರತದ ಹಡಗುಗಳು ಬರುತ್ತಿದ್ದವು. ಹಾಗಾದರೆ ಸಂಸ್ಕೃತದ ಶಿಕ್ಷಾಶಾಸ್ತ್ರದ ಸುದ್ದಿ ಖಲೀಲರ ಕಿವಿಗೆ ಬಿದ್ದಿತ್ತೇ? ವಿದ್ವಾಂಸರು ಇದನ್ನು ಬಹುಕಾಲದಿಂದ ಚರ್ಚಿಸಿದ್ದಾರೆ. ನೇರ ಪುರಾವೆ ಸಿಕ್ಕಿಲ್ಲ. ಹೋಲಿಕೆಯ ಜೊತೆಗೆ ವ್ಯತ್ಯಾಸವೂ ದೊಡ್ಡದಿದೆ. ನಮ್ಮದು ಅಲ್ಪಪ್ರಾಣ, ಮಹಾಪ್ರಾಣ, ಅನುನಾಸಿಕಗಳನ್ನು ಅಡ್ಡಸಾಲಿನಲ್ಲೂ ಸ್ಥಾನವನ್ನು ಉದ್ದಸಾಲಿನಲ್ಲೂ ಇಡುವ ಚೌಕಟ್ಟು. ಖಲೀಲರದು ಗಂಟಲಿನಿಂದ ತುಟಿಗೆ ಹರಿಯುವ ಒಂದೇ ಎಳೆ. ಬಾಯಿ ಎಲ್ಲರಿಗೂ ಒಂದೇ ಆದುದರಿಂದ ಎರಡು ದೇಶಗಳ ಸೂಕ್ಷ್ಮ ಕಿವಿಗಳು ಒಂದೇ ದಾರಿ ಹಿಡಿದಿದ್ದರೆ ಅದರಲ್ಲಿ ಅಚ್ಚರಿಯೂ ಇಲ್ಲ.

ನಿಘಂಟಿನ ಯೋಜನೆಯಂತೂ ಎದೆಗಾರಿಕೆಯದು. ಕೇಳಿದ ಪದಗಳನ್ನು ಕೂಡಿಹಾಕುತ್ತಾ ಹೋದರೆ ಯಾವುದು ಬಿಟ್ಟುಹೋಯಿತು ಎಂದು ತಿಳಿಯುವುದಿಲ್ಲ. ಆದ್ದರಿಂದ 28 ಅಕ್ಷರಗಳಿಂದ ಹುಟ್ಟಬಹುದಾದ ಎಲ್ಲ ಧಾತುಗಳನ್ನೂ ಲೆಕ್ಕದಿಂದಲೇ ಹೊರತೆಗೆದು, ಅವುಗಳಲ್ಲಿ ಬಳಕೆಯಲ್ಲಿರುವುದು ಯಾವುದು, ಇಲ್ಲದಿರುವುದು ಯಾವುದು ಎಂದು ಗುರುತಿಸುವುದು ಅವರ ಕ್ರಮ. ಅಕ್ಷರ ಮರುಕಳಿಸದಂತೆ ಎರಡಕ್ಷರದವು 756, ಮೂರಕ್ಷರದವು 19,656, ನಾಲ್ಕಕ್ಷರದವು 4,91,400, ಐದಕ್ಷರದವು 1,17,93,600. ಒಟ್ಟು 1,23,05,412. ಈ ಮೊತ್ತವನ್ನು ನಂತರದ ಗ್ರಂಥಕಾರರು ಖಲೀಲರ ಹೆಸರಿನಲ್ಲೇ ದಾಖಲಿಸಿದ್ದಾರೆ.

ಇದೇ ಕೆಲಸದಲ್ಲಿ ಅವರಿಗೆ ಹೊಳೆದ ಇನ್ನೊಂದು ಸಂಗತಿಯಿದೆ. ನಾಲಗೆಯ ತುದಿಯಿಂದ ಸಲೀಸಾಗಿ ಬರುವ ರ, ಲ, ನ ಮತ್ತು ತುಟಿಯಿಂದ ಬರುವ ಫ, ಬ, ಮ ಈ ಆರರಲ್ಲಿ ಒಂದಾದರೂ ಇಲ್ಲದ ನಾಲ್ಕು ಅಥವಾ ಐದಕ್ಷರದ ಧಾತು ಅರಬ್ಬಿಯಲ್ಲಿ ಇರುವುದು ತೀರಾ ಅಪರೂಪ. ಅಂಥ ಪದ ಎದುರಾದರೆ ಅದು ಪರಭಾಷೆಯದೋ ಯಾರೋ ಕಟ್ಟಿದ್ದೋ ಎಂದು ಶಂಕಿಸಬೇಕೆಂಬುದು ಅವರ ಸೂತ್ರ. ಕಳ್ಳನಾಣ್ಯ ಹಿಡಿಯುವ ಶರಾಫನ ಒರೆಗಲ್ಲಿನಂತೆ ಇದು ಕೋಶಕಾರರಿಗೆ ಮುಂದೆ ಬಹಳ ಉಪಯೋಗಕ್ಕೆ ಬಂತು.

ಸುತ್ತಿಗೆಯ ಪೆಟ್ಟು, ಗುಡಾರದ ಗೂಟ

ಅರಬ್ಬಿಯಲ್ಲಿ ಸ್ವರವಿರುವ ಅಕ್ಷರವನ್ನು ಚಲಿಸುವ ಅಕ್ಷರವೆಂದೂ ಸ್ವರವಿಲ್ಲದ್ದನ್ನು ನಿಂತ ಅಕ್ಷರವೆಂದೂ ಕರೆಯುತ್ತಾರೆ. ಸ್ವರಚಿಹ್ನೆಯ ಹೆಸರೇ ಹರಕತ್, ಅಂದರೆ ಚಲನೆ. ಈ ಚಲನೆ ನಿಲುಗಡೆಗಳ ಸರಣಿಯನ್ನೇ ಎಣಿಸುತ್ತಾ ಹೋಗಿ ಖಲೀಲರು ಹಳೆಯ ಕಾವ್ಯದ ಲಯಗಳನ್ನೆಲ್ಲ 15 ಛಂದಸ್ಸುಗಳಿಗೆ, ಆ ಹದಿನೈದನ್ನು ಐದು ವೃತ್ತಾಕಾರದ ನಕ್ಷೆಗಳಿಗೆ ಇಳಿಸಿದರು. ಬೈತ್ ಎಂಬ ಪದಕ್ಕೆ ಗುಡಾರ ಎಂದೂ ಕವಿತೆಯ ಸಾಲು ಎಂದೂ ಅರ್ಥ. ಅವರು ಗಣದ ಅಂಶಗಳಿಗೆ ಹಗ್ಗ, ಗೂಟ ಎಂಬ ಹೆಸರುಗಳನ್ನೇ ಇಟ್ಟರು. ನಮ್ಮ ವಿದ್ಯಾರ್ಥಿಗಳು ಯಮಾತಾರಾಜಭಾನಸಲಗಂ ಎಂದು ಗಣ ಹಾಕುವಂತೆ ಅರಬ್ ವಿದ್ಯಾರ್ಥಿಗಳು ಖಲೀಲರು ಕಟ್ಟಿಕೊಟ್ಟ ಫಊಲುನ್, ಮಫಾಈಲುನ್ ಮುಂತಾದ ಅಳತೆಪದಗಳಿಂದ ಸಾಲನ್ನು ಅಳೆಯುತ್ತಾರೆ.

ಕಂಚುಗಾರರ ಬೀದಿಯಲ್ಲಿ ನಡೆಯುವಾಗ ಸುತ್ತಿಗೆಯ ಪೆಟ್ಟುಗಳನ್ನು ಕೇಳಿ ಇದು ಹೊಳೆಯಿತೆಂಬ ಕಥೆಯಿದೆ. ಪಾತ್ರೆ ಬಡಿಯುವ ಸದ್ದಿನಲ್ಲೂ ಹೊಡೆತ ಮತ್ತು ಬಿಡುವು ಎರಡೇ ಅಲ್ಲವೇ? ಖಲೀಲರು ಮನೆಯಲ್ಲಿ ಕೂತು ಸಾಲುಗಳನ್ನು ತುಂಡರಿಸಿ ವಿಚಿತ್ರವಾಗಿ ಉಚ್ಚರಿಸುತ್ತಿದ್ದುದನ್ನು ಕಂಡ ಮಗ ತಂದೆಗೆ ಬುದ್ಧಿಭ್ರಮಣೆಯಾಗಿದೆಯೆಂದು ಬೀದಿಗೆ ಓಡಿಹೋಗಿ ಜನರನ್ನು ಕರೆದನಂತೆ. ತಾನೇನು ಮಾಡುತ್ತಿದ್ದೇನೆಂಬುದು ಮಗನಿಗೆ ಗೊತ್ತಿಲ್ಲ, ಆದ್ದರಿಂದ ಅವನನ್ನು ಬೈಯುವಂತಿಲ್ಲ ಎಂಬ ಧಾಟಿಯಲ್ಲಿ ತಂದೆ ಒಂದು ಪದ್ಯ ಕಟ್ಟಿ ಸುಮ್ಮನಾದರು.

ಹದಿನಾರನೆಯ ಛಂದಸ್ಸೊಂದನ್ನು ಮುಂದೆ ಅಲ್-ಅಖ್ಫಶ್ ಸೇರಿಸಿದರು. ಕಣ್ಣಿನ ಔಷಧಿಯ ಐತಿಹ್ಯವನ್ನು ಇದರೊಂದಿಗೆ ಓದಬೇಕು. ಒಳ್ಳೆಯ ಕಣ್ಣಿನ ಮದ್ದು ಕೊಡುತ್ತಿದ್ದವನೊಬ್ಬ ಗುಟ್ಟು ಬಿಟ್ಟುಕೊಡದೆ ಸತ್ತ. ಆತನ ಪಾತ್ರೆಯನ್ನು ಮೂಸಿ ನೋಡಿದ ಖಲೀಲರು ಹದಿನೈದು ವಸ್ತುಗಳನ್ನು ಹೆಸರಿಸಿದರು; ಮದ್ದು ಮತ್ತೆ ಸಿದ್ಧವಾಯಿತು. ಆಮೇಲೆ ಸಿಕ್ಕ ಚೀಟಿಯಲ್ಲಿದ್ದದ್ದು ಹದಿನಾರು. ಛಂದಸ್ಸಿನ ಲೆಕ್ಕವನ್ನೇ ಯಾರೋ ಔಷಧಿಯ ಕಥೆಯಾಗಿ ಹೆಣೆದಂತಿದೆ.

ಭಾರತದಲ್ಲಿದ್ದು ಸಂಸ್ಕೃತ ಕಲಿತ ಅಲ್-ಬೀರೂನಿ 1030ರ ಸುಮಾರಿಗೆ ಬರೆದ ತಮ್ಮ ಗ್ರಂಥದಲ್ಲಿ ನಮ್ಮ ಗುರು ಲಘುಗಳನ್ನು ಖಲೀಲರ ಪದ್ಧತಿಯೊಂದಿಗೆ ಹೋಲಿಸಿದ್ದಾರೆ. ಹಿಂದೂಗಳಲ್ಲಿ ಛಂದಸ್ಸಿದೆಯೆಂಬುದನ್ನು ಖಲೀಲರು ಕೇಳಿದ್ದಿರಬಹುದು ಎಂದು ಕೆಲವರು ಭಾವಿಸುತ್ತಾರೆಂದೂ, ಆದರೆ ಶಾಸ್ತ್ರವನ್ನು ಕಟ್ಟಿದ್ದು ಅವರ ಸ್ವಂತ ಪ್ರತಿಭೆಯೆಂದೂ ಅವರ ಅಭಿಪ್ರಾಯ.

ಒಣ ರೊಟ್ಟಿಯ ಸ್ವಾತಂತ್ರ್ಯ

ಉಮಯ್ಯದ್ ಮನೆತನ 750ರಲ್ಲಿ ಉರುಳಿತು. ಅಬ್ಬಾಸಿಗಳು ಬಂದರು. 762ರಲ್ಲಿ ಬಾಗ್ದಾದ್ ನಗರಕ್ಕೆ ಅಡಿಗಲ್ಲು ಬಿತ್ತು. ಪಂಡಿತರಿಗೆ ರಾಜಾಶ್ರಯದ ಬಾಗಿಲುಗಳು ತೆರೆದವು. ಖಲೀಲರು ಮಾತ್ರ ಬಸ್ರಾದ ಜೊಂಡಿನ ಗುಡಿಸಲು ಬಿಟ್ಟು ಕದಲಲಿಲ್ಲ. ಅವರ ವಿದ್ಯೆಯಿಂದ ಬೇರೆಯವರು ಹಣ ಸಂಪಾದಿಸುತ್ತಿದ್ದಾಗ ಅವರ ಕೈಯಲ್ಲಿ ಎರಡು ಕಾಸು ಇರುತ್ತಿರಲಿಲ್ಲವೆಂದು ಶಿಷ್ಯ ನದ್ರ್ ಇಬ್ನ್ ಶುಮೈಲ್ ನೆನೆದಿದ್ದಾರೆ.

ಸುಲೈಮಾನ್ ಎಂಬ ಪ್ರಾಂತಾಧಿಕಾರಿ ತನ್ನ ಮಗನಿಗೆ ಪಾಠ ಹೇಳಲು ಬರಬೇಕೆಂದು ದೂತನನ್ನು ಕಳಿಸಿದ. ಖಲೀಲರು ದೂತನ ಮುಂದೆ ಒಣ ರೊಟ್ಟಿಯನ್ನಿಟ್ಟು, ಇದಿರುವವರೆಗೆ ತನಗೆ ಸುಲೈಮಾನನ ಅಗತ್ಯವಿಲ್ಲವೆಂದು ತಿಳಿಸಿ ಕಳಿಸಿದರು. ಆತ ಸಿಟ್ಟಾಗಿ ಅವರಿಗೆ ಸಲ್ಲುತ್ತಿದ್ದ ವೇತನವನ್ನು ನಿಲ್ಲಿಸಿದ. ಬಾಯಿಯನ್ನು ಸೀಳಿಕೊಟ್ಟವನೇ ಅನ್ನವನ್ನೂ ಕೊಡುತ್ತಾನೆಂಬ ಅರ್ಥದ ಪದ್ಯವೊಂದು ಗುಡಿಸಲಿನಿಂದ ಹೊರಟು ಅಧಿಕಾರಿಯನ್ನು ತಲುಪಿತು. ಆತ ನಾಚಿ, ಕ್ಷಮೆ ಕೋರಿ, ವೇತನವನ್ನು ಇಮ್ಮಡಿ ಮಾಡಿದನಂತೆ.

ಪಾರಸಿ ಮೂಲದ ಮಹಾ ಗದ್ಯಲೇಖಕ, ಪಂಚತಂತ್ರದ ಕಥೆಗಳನ್ನು ಅರಬ್ಬಿಗೆ ತಂದ ಇಬ್ನುಲ್ ಮುಕಫ್ಫ ಒಮ್ಮೆ ಇವರೊಂದಿಗೆ ರಾತ್ರಿಯಿಡೀ ಮಾತನಾಡಿದರು. ಬೆಳಗಾದ ಮೇಲೆ ಜನ ಇಬ್ಬರನ್ನೂ ಬೇರೆ ಬೇರೆಯಾಗಿ ವಿಚಾರಿಸಿದರು. ಇಬ್ನುಲ್ ಮುಕಫ್ಫರ ಪಾಂಡಿತ್ಯ ಬುದ್ಧಿಗಿಂತ ಹೆಚ್ಚು ಎಂದು ಖಲೀಲರೂ, ಖಲೀಲರ ಬುದ್ಧಿ ಪಾಂಡಿತ್ಯಕ್ಕಿಂತ ಹೆಚ್ಚು ಎಂದು ಇಬ್ನುಲ್ ಮುಕಫ್ಫರೂ ತೀರ್ಪಿತ್ತರು.

ತಪ್ಪು ಓದಿದವನೇ ಶಿಷ್ಯನಾದ

ಶೀರಾಜ್ ಬಳಿಯ ಅಲ್-ಬೈದಾ ಎಂಬ ಊರಿನಿಂದ ಬಂದಿದ್ದ ಪಾರಸಿ ತರುಣನೊಬ್ಬ ಬಸ್ರಾದ ಹಮ್ಮಾದ್ ಇಬ್ನ್ ಸಲಮರ ಪಾಠದಲ್ಲಿ ಪ್ರವಾದಿ ವಚನವೊಂದನ್ನು ಓದುತ್ತಿದ್ದ. ಅಬಾ ಎಂದಿರಬೇಕಾದ ಕಡೆ ಅಬೂ ಎಂದು ಓದಿದ. ಗುರುಗಳು ಎಲ್ಲರೆದುರು ತಪ್ಪು ಎತ್ತಿ ತೋರಿದರು. ವ್ಯಾಕರಣದ ಸಾಮಾನ್ಯ ನಿಯಮದ ಪ್ರಕಾರ ಆತ ಊಹಿಸಿದ್ದು ಅಸಹಜವೇನಲ್ಲ. ಆ ವಾಕ್ಯದ ರಚನೆ ಮಾತ್ರ ಬೇರೆಯಾಗಿತ್ತು. ಅವಮಾನಗೊಂಡ ತರುಣ, ಇನ್ನು ಮುಂದೆ ಯಾರೂ ತನ್ನ ಓದಿನಲ್ಲಿ ತಪ್ಪು ಹಿಡಿಯಲಾಗದಂಥ ವಿದ್ಯೆಯನ್ನು ಕಲಿಯುತ್ತೇನೆಂದು ಎದ್ದು ಹೊರಟು ಸೇರಿದ್ದು ಖಲೀಲರ ಗುಡಿಸಲನ್ನು. ಆತನೇ ಸೀಬವೈಹಿ.

ಎಷ್ಟು ಬಾರಿ ಬಂದರೂ ಬೇಸರ ತರಿಸದ ಅತಿಥಿಯೆಂದು ಖಲೀಲರು ಆತನನ್ನು ಸ್ವಾಗತಿಸುತ್ತಿದ್ದರಂತೆ. ಗುರುವಿನ ಮಾತುಗಳನ್ನು ಕೇಳಿ, ತಡೆದು, ಮರುಪ್ರಶ್ನಿಸಿ ಸೀಬವೈಹಿ ಬರೆದ ಗ್ರಂಥಕ್ಕೆ ಜನ ಅಲ್-ಕಿತಾಬ್, ಅಂದರೆ ಪುಸ್ತಕ ಎಂದಷ್ಟೇ ಹೆಸರಿಟ್ಟರು. ಅರಬ್ಬಿ ವ್ಯಾಕರಣಕ್ಕೆ ಅದಕ್ಕಿಂತ ದೊಡ್ಡ ಆಧಾರವಿಲ್ಲ. ಅದರಲ್ಲಿ ಖಲೀಲರ ಉಲ್ಲೇಖ ನೂರಾರು ಕಡೆ ಬರುತ್ತದೆ. ಹೆಸರು ಹೇಳದೆ ಅವರನ್ನು ಕೇಳಿದೆ ಎಂದು ಬರೆದಿದ್ದರೆ ಅದು ಖಲೀಲರೇ ಎಂಬುದು ವ್ಯಾಖ್ಯಾನಕಾರರ ಒಮ್ಮತ. ಗುರುವಿನ ವ್ಯಾಕರಣದ ಪುಸ್ತಕ ಬೇರೆಯಾಗಿ ಉಳಿದಿಲ್ಲ. ಶಿಷ್ಯನ ಪುಸ್ತಕದೊಳಗೆ ಉಳಿದಿದೆ. ಅಕ್ಷರಗಳ ಹುಟ್ಟುಸ್ಥಾನ ಎಷ್ಟು ಎಂಬಲ್ಲಿ ಮಾತ್ರ ಇಬ್ಬರೂ ಬೇರೆಯಾಗುತ್ತಾರೆ. ಸೀಬವೈಹಿಯವರ ಲೆಕ್ಕ ಹದಿನಾರು. ಪಠನಶಾಸ್ತ್ರದ ಪರಂಪರೆ ಖಲೀಲರ ಹೆಸರಿನಲ್ಲಿ ಹೇಳುವುದು ಹದಿನೇಳು. ಕುರ್‌ಆನ್ ಪಠನದ ಪ್ರಮಾಣಪುರುಷ ಇಬ್ನುಲ್ ಜಜರಿ, 1429ರಲ್ಲಿ ಗತಿಸಿದವರು, ಹದಿನೇಳರ ಪಕ್ಷ ವಹಿಸಿದರು. ಬಹುತೇಕ ಪಾಠಶಾಲೆಗಳು ಇಂದು ಆ ಎಣಿಕೆಯನ್ನೇ ಕಲಿಸುತ್ತವೆ.

ಎಲ್ಲ ಶಿಷ್ಯರೂ ಸೀಬವೈಹಿಯಾಗಲಿಲ್ಲ. ಛಂದಸ್ಸು ತಲೆಗೆ ಹತ್ತದ ವಿದ್ಯಾರ್ಥಿಯೊಬ್ಬನಿಗೆ ಖಲೀಲರು ಒಂದು ಹಳೆಯ ಸಾಲನ್ನು ಕೊಟ್ಟು ಗಣ ವಿಂಗಡಿಸಲು ಹೇಳಿದರು. ಆಗದ ಕೆಲಸವನ್ನು ಬಿಟ್ಟು ಆಗುವ ಕೆಲಸಕ್ಕೆ ಹೋಗು ಎಂಬುದು ಆ ಸಾಲಿನ ತಾತ್ಪರ್ಯ. ವಿದ್ಯಾರ್ಥಿ ಮತ್ತೆ ಬರಲಿಲ್ಲ. ಅಷ್ಟು ದಡ್ಡನಾದವನಿಗೆ ಈ ಸೂಚನೆ ಅರ್ಥವಾದದ್ದು ಹೇಗೆಂದು ಗುರುಗಳೇ ಬೆರಗಾದರಂತೆ.

ಕಂಬಕ್ಕೆ ಬಡಿದ ತಲೆ

ಖಲೀಲರ ಮರಣ 786ರಿಂದ 791ರ ನಡುವೆ. ವರ್ಷದ ಬಗ್ಗೆ ಚರಿತ್ರಕಾರರಲ್ಲಿ ಒಮ್ಮತವಿಲ್ಲ. ಇಬ್ನ್ ಖಲ್ಲಿಕಾನರ ಚರಿತ್ರಕೋಶದಲ್ಲಿ ಬರುವ ವೃತ್ತಾಂತ ಹೀಗಿದೆ. ಮನೆಯ ಕೆಲಸದ ಹುಡುಗಿ ಅಂಗಡಿಗೆ ಹೋದರೆ ಅಂಗಡಿಯವನು ಲೆಕ್ಕದಲ್ಲಿ ಮೋಸ ಮಾಡಲಾಗದಂಥ ಸುಲಭ ಗಣಿತವೊಂದನ್ನು ರೂಪಿಸಬೇಕೆಂದು ಅವರು ಯೋಚಿಸುತ್ತಿದ್ದರು. ಅದೇ ಗುಂಗಿನಲ್ಲಿ ಮಸೀದಿಯೊಳಗೆ ನಡೆಯುವಾಗ ಕಂಬಕ್ಕೆ ಡಿಕ್ಕಿ ಹೊಡೆದು ಬಿದ್ದರು. ಆ ಪೆಟ್ಟಿನಿಂದ ಏಳಲಿಲ್ಲ. ಛಂದಸ್ಸಿನ ಗಣ ಹಾಕುತ್ತಿದ್ದರೆಂದು ಹೇಳುವವರೂ ಇದ್ದಾರೆ.

ಕಿತಾಬುಲ್ ಐನ್ ಅವರ ಕೈಯಲ್ಲಿ ಮುಗಿಯಲಿಲ್ಲ. ಯೋಜನೆ, ಪೀಠಿಕೆಯ ಧ್ವನಿವಿಚಾರ ಅವರದು. ಖುರಾಸಾನಿನ ಶಿಷ್ಯ ಲೈಸ್ ಇಬ್ನುಲ್ ಮುಜಫ್ಫರ್ ಅದನ್ನು ಪೂರ್ಣಗೊಳಿಸಿದರು. ಮೂಲಪ್ರತಿಯನ್ನು ಲೈಸ್‌ರ ಪತ್ನಿ ಸವತಿಮಾತ್ಸರ್ಯದಿಂದ ಸುಟ್ಟುಹಾಕಿದರೆಂದೂ, ಬಾಯಿಪಾಠವಿದ್ದ ಅರ್ಧವನ್ನು ಅವರು ಮತ್ತೆ ಬರೆದರೆಂದೂ ಒಂದು ಕಥೆ ಹುಟ್ಟಿಕೊಂಡಿತು. ಗ್ರಂಥದಲ್ಲಿರುವ ದೋಷಗಳು ಖಲೀಲರ ತಲೆಗೆ ಬಾರದಿರಲೆಂದು ಅಭಿಮಾನಿಗಳು ಕಟ್ಟಿದ ಕಥೆಯಂತೆ ಅದು ತೋರುತ್ತದೆ. ಹತ್ತನೆಯ ಶತಮಾನದ ಕೋಶಕಾರ ಅಲ್-ಅಜ್‌ಹರಿ ತಪ್ಪುಗಳನ್ನೆಲ್ಲ ಲೈಸ್ ಮೇಲೆ ಹೊರಿಸಿ ಕಟುವಾಗಿ ಬರೆದರು. ತಮ್ಮ ನಿಘಂಟಿಗೆ ಮಾತ್ರ ಗಂಟಲಿನಿಂದ ತುಟಿಗೆ ಬರುವ ಖಲೀಲರ ಕ್ರಮವನ್ನೇ ಹಿಡಿದರು.

ಖಲೀಲರು ತೀರಿಕೊಂಡು ಏಳೆಂಟು ದಶಕಗಳಾದ ಮೇಲೆ, 862ರ ಸುಮಾರಿಗೆ, ಖುರಾಸಾನಿನ ಪುಸ್ತಕ ವ್ಯಾಪಾರಿಯೊಬ್ಬ ಬಸ್ರಾಕ್ಕೆ ಹೊತ್ತು ತಂದ ಪ್ರತಿಯನ್ನು ಐವತ್ತು ದೀನಾರಿಗೆ ಮಾರಿದನೆಂದು ಇಬ್ನುನ್ ನದೀಮರ ಗ್ರಂಥಸೂಚಿ ಹೇಳುತ್ತದೆ. ಬಸ್ರಾದ ಪಂಡಿತರಲ್ಲಿ ಅನೇಕರಿಗೆ ತಮ್ಮೂರಿನವರ ಪುಸ್ತಕ ಕಣ್ಣಿಗೆ ಬಿದ್ದದ್ದು ಆಗಲೇ. ಮುದ್ರಣದ ಭಾಗ್ಯ ಬರಲು ಇನ್ನೂ ಹನ್ನೊಂದು ಶತಮಾನ ಹಿಡಿಯಿತು. ಮಹ್ದಿ ಅಲ್-ಮಖ್ಜೂಮಿ ಮತ್ತು ಇಬ್ರಾಹೀಂ ಅಸ್-ಸಾಮರ್ರಾಈ ಸಂಪಾದಿಸಿದ ಎಂಟು ಸಂಪುಟಗಳು 1980ರ ದಶಕದಲ್ಲಿ ಬಾಗ್ದಾದಿನಲ್ಲಿ ಅಚ್ಚಾದವು. ಪದಗಳ ಮೇಲೆ ಅವರದೇ ಗುರುತುಗಳಿವೆ. ಮೊದಲ ಅಕ್ಷರ ಐನ್.